ಮೊಣಕಾಲೆತ್ತರದ ದಾಸವಾಳ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ನಾಲ್ಕು ಬೀದಿ ಕೂಡುವ ಮೂಲೆಯಲ್ಲಿ ಮಹಿಳೆಯೊಬ್ಬರು ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಕೂತು, ಕತ್ತು ಚಾಚಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತಿದ್ದಾರೆ. ಹೊಸಬರಾದರೆ ಬಸ್ಸಿಗೆ ಕಾಯುತ್ತಿದ್ದಾರೆ ಅಂದುಕೊಂಡಾರು. ಇಲ್ಲಿ ಬಸ್ಸೇ ಬರುವುದಿಲ್ಲ. ಸೈಕಲ್ ಮೇಲೆ ಕೂತ ಮಗುವಿಗೆ ಅಡ್ಡಬೀದಿಯ ಗಾಡಿ ಕಾಣುತ್ತದೋ ಇಲ್ಲವೋ ಎಂಬುದು ಅವರ ಚಿಂತೆ. ಮಗುವಿನ ಕಣ್ಣಿನ ಎತ್ತರಕ್ಕೆ ಆ ಬಕೆಟ್ಟು ಸರಿಯಾಗಿ ಹೊಂದುತ್ತದೆ. ಕಾಣದಿದ್ದರೆ ಎದ್ದು, ಉದ್ದನೆಯ ಕತ್ತರಿ ಹಿಡಿದು, ಮೂಲೆಯ ದಾಸವಾಳದ ಬೇಲಿಯ ತಲೆ ಸವರುತ್ತಾರೆ. ಕಚಕ್, ಕಚಕ್. ಮತ್ತೆ ಬಂದು ಕೂರುತ್ತಾರೆ.

ಶಾಲೆಯ ಮಕ್ಕಳು ಇಟ್ಟ ಹೆಸರು ಕಟಿಂಗ್ ಅತ್ತೆ. "ಅತ್ತೇ, ನನ್ನ ತಲೆಗೂ ಒಂದು ಕೈ ಹಾಕಿ!" ಎಂದು ಹುಡುಗಿಯೊಬ್ಬಳು ಕೂಗಿದರೆ, "ಬಾರೇ, ಎರಡು ಜಡೆಗೂ ಒಂದೇ ಏಟು" ಎಂದು ಕತ್ತರಿ ಆಡಿಸುತ್ತಾರೆ.

ಹೊಟ್ಟೆಪಾಡಿಗೆ ಅವರು ಹತ್ತಿರದ ಪಾರ್ಕಿನಲ್ಲಿ ಮಾಲಿ. ಈ ಮೂಲೆ ಅವರ ಪಾಲಿನ ಕೆಲಸವಲ್ಲ, ಇದಕ್ಕೆ ಸಂಬಳವೂ ಇಲ್ಲ. ಆದರೂ ಹಾಜರಿಗೆ ಮೊದಲು ಇಲ್ಲಿಗೆ ಬಾರದಿದ್ದರೆ ಅವರಿಗೆ ಬೆಳಗಾಗುವುದಿಲ್ಲ. ಈ ಬೇಲಿ ನೆಟ್ಟಿದ್ದು ಅವರ ಅಕ್ಕ.

ಅಕ್ಕನೂ ಅದೇ ಪಾರ್ಕಿನ ಮಾಲಿಯಾಗಿದ್ದವರು. ಕಸ ಸುರಿಯುತ್ತಿದ್ದ ಈ ಮೂಲೆಯನ್ನು ಹಸನು ಮಾಡಿ, ಪಾರ್ಕಿನಲ್ಲಿ ಕತ್ತರಿಸಿ ಬಿಸಾಡಿದ್ದ ಕಡ್ಡಿಗಳನ್ನೇ ತಂದು ಊರಿದರು. ಆಮೇಲೆ ಮಗಳಿಗೆ ಅವಳಿ ಮಕ್ಕಳಾದವು. ಬಾಣಂತನಕ್ಕೆಂದು ದೂರದ ಊರಿಗೆ ಹೋದವರು ಅಲ್ಲೇ ಉಳಿದರು. ಅವಳಿಗಳು ಈಗ ಶಾಲೆಗೆ ಹೋಗುತ್ತವೆ.

ಇತ್ತ ದಾಸವಾಳ ಆಳೆತ್ತರ ಬೆಳೆಯಿತು. ಕೆಂಪು ಸೀರೆ ಹರವಿದ ಹಾಗೆ ಮೈತುಂಬ ಹೂ. ಕತ್ತರಿ ಹಾಕಲು ತಂಗಿಗೆ ಮನಸ್ಸು ಬರಲಿಲ್ಲ. "ಚೆಂದವೇನೋ ಚೆಂದ," ಎನ್ನುತ್ತಾರೆ ಶಾಲಾ ವ್ಯಾನಿನ ಡ್ರೈವರ್. "ಆದ್ರೆ ಆಚೆ ಏನು ಬರ್ತಿದೆ ಅಂತ ನೋಡೋಕೆ ಗಾಡಿ ಮೂತೀನ ರಸ್ತೆಗೆ ಚಾಚಬೇಕಿತ್ತು. ಆಮೇಲೆ ದೇವರೇ ಗತಿ." ಒಂದು ಬೆಳಿಗ್ಗೆ ಸೈಕಲ್ ಹುಡುಗಿಯೊಬ್ಬಳಿಗೆ ಸ್ಕೂಟರ್ ಗುದ್ದಿತು. ಕೈ ಮುರಿಯಿತು.

ಮರುದಿನವೇ ಹಾರೆ ಹಿಡಿದ ಆಳುಗಳ ಜೊತೆ ನಗರಸಭೆಯ ಎಂಜಿನಿಯರ್ ಬಂದರು. ಕಟಿಂಗ್ ಅತ್ತೆ ಬೇಲಿಗೆ ಅಡ್ಡ ನಿಂತರು. "ಗಿಡಕ್ಕೇನು ಗೊತ್ತು ಸಾರ್? ಬೆಳೆಯೋದು ಅದರ ಬುದ್ಧಿ. ಕತ್ತರಿ ಸುಮ್ಮನಿದ್ದದ್ದು ತಪ್ಪು."

"ನೋಡಮ್ಮಾ, ಮೊಣಕಾಲು ದಾಟಿದ್ರೆ ಬುಡ ಸಮೇತ ಕೀಳಿಸಿ ಕಾಂಕ್ರೀಟ್ ಹಾಕಿಸ್ತೀನಿ."

"ಯಾರ ಮೊಣಕಾಲು ಸಾರ್? ನಿಮ್ಮದಾ, ನನ್ನದಾ?"

ಎಂಜಿನಿಯರ್ ತೆಂಗಿನಮರದಂಥ ಆಸಾಮಿ. ನಕ್ಕುಬಿಟ್ಟರು. "ನಿಮ್ಮದೇ."

ಅಂದಿನಿಂದ ಈ ಮೂಲೆಯಲ್ಲಿ ಯಾರೂ ಬಿದ್ದಿಲ್ಲ. ಆದರೆ ಹೂವೂ ಬಿಟ್ಟಿಲ್ಲ. ದಾಸವಾಳ ಮೊಗ್ಗು ಕಟ್ಟುವುದು ಹೊಸ ಚಿಗುರಿನ ತುದಿಯಲ್ಲಿ. ಆ ಚಿಗುರೇ ದಾರಿಗೆ ಅಡ್ಡ. ಮನೆಯಲ್ಲಾದರೂ ಇರಲಿ ಎಂದು ಕುಂಡದಲ್ಲಿ ಒಂದು ಕಡ್ಡಿ ಊರಿದ್ದರು. ಬಿಸಿಲು ಕಾಣದ ಒಂಟಿ ಕೋಣೆ, ಕಡ್ಡಿ ಕೊಳೆಯಿತು.

ಭಾನುವಾರ ಬಂತೆಂದರೆ ಅಕ್ಕನ ಫೋನು. "ಹೂ ಬಿಟ್ಟಿದೆಯೇನೇ?"

"ಬಿಟ್ಟಿದೆ ಅಕ್ಕ, ಮೈತುಂಬ."

ಯಾಕೆ ಈ ಸುಳ್ಳು? ಕತ್ತರಿಯ ಅಲಗನ್ನು ಸೆರಗಿನಲ್ಲಿ ಒರೆಸುತ್ತಾ ಹೇಳುತ್ತಾರೆ: "ಅವಳು ಅಲ್ಲಿ ನಾಲ್ಕನೇ ಮಹಡೀಲಿ ಕೂತಿದ್ದಾಳೆ. ಕಿಟಕಿ ತೆಗೆದ್ರೆ ಪಕ್ಕದ ಗೋಡೆ. ನಿನ್ನ ಹೂವನ್ನ ನಾನೇ ಕತ್ತರಿಸ್ತೀನಿ ಅಂತ ಯಾವ ಬಾಯಲ್ಲಿ ಹೇಳಲಿ?"

ಈಗ ಆ ಅಕ್ಕ ನಾಡಿದ್ದು ಬರುತ್ತಾರಂತೆ. ಇವತ್ತು ನೋಡಿದರೆ, ಎಲೆಗಳ ಸಂದಿಯಲ್ಲಿ ಅದು ಹೇಗೋ ಕಣ್ತಪ್ಪಿಸಿಕೊಂಡ ಕೊಂಬೆಯೊಂದು ಮೇಲೆದ್ದಿದೆ. ತುದಿಯಲ್ಲಿ ಮೊಗ್ಗು, ಕೆಂಪು ಇಣುಕುತ್ತಿದೆ. ಬಿಟ್ಟರೆ ನಾಡಿದ್ದಿಗೆ ಅರಳೀತು. ವ್ಯಾನ್ ನಿಲ್ಲಿಸಿದ ಡ್ರೈವರ್ ಕಿಟಕಿಯಿಂದಲೇ ಹೇಳುತ್ತಾರೆ: "ಇರಲಿ ಬಿಡಿ ಅತ್ತೆ, ಒಂದು ಕೊಂಬೆ ತಾನೆ!"

ಅತ್ತೆ ಬಕೆಟ್ ಮೇಲೆ ಕೂತು ನೋಡುತ್ತಾರೆ. ಅಡ್ಡಬೀದಿ ತಿರುಗುವ ಜಾಗಕ್ಕೆ ಸರಿಯಾಗಿ ಆ ಎಲೆಗೊಂಚಲು. ಅತ್ತಿಂದ ಬಂದ ಸ್ಕೂಟರೊಂದು ಅದರ ಹಿಂದೆ ಒಂದು ಗಳಿಗೆ ಮರೆಯಾಗಿ ಮತ್ತೆ ಕಾಣಿಸಿಕೊಳ್ಳುತ್ತದೆ.

ಕಚಕ್.

ಬರುವವರಿಗೆ ಇನ್ನು ಮುಚ್ಚಿಡುವುದೇನು? ಆ ಹೊತ್ತಿಗೆ ಅಕ್ಕ ಎದ್ದಿರುತ್ತಾರೆ. ಅತ್ತೆ ಮೂಲೆಯಲ್ಲಿ ನಿಂತೇ ಫೋನು ಮಾಡಿ ಎಲ್ಲ ಹೇಳಿಬಿಡುತ್ತಾರೆ. ಆ ಕಡೆಯಿಂದ ನಗು. "ಗೊತ್ತಿತ್ತು ಬಿಡೇ! ಚಳೀಲಿ ಕೇಳಿದ್ರೂ ಮೈತುಂಬ, ಬೇಸಿಗೇಲಿ ಕೇಳಿದ್ರೂ ಮೈತುಂಬ. ಆ ಗಿಡಕ್ಕೆ ಬೇರೆ ಕೆಲಸ ಇಲ್ವಾ?" ಆಮೇಲೆ ದನಿ ತಗ್ಗುತ್ತದೆ. "ನಾನೂ ಒಂದು ಹೇಳಬೇಕು ಕಣೇ. ಮಗಳಿಗೆ ರಜೆ ಸಿಗಲಿಲ್ಲ. ಮಕ್ಕಳನ್ನ ಯಾರ ಕೈಲಿ ಬಿಟ್ಟು ಬರಲಿ? ಮುಂದಿನ ತಿಂಗಳು ನೋಡೋಣ."

"ಆಗಲಿ ಅಕ್ಕ, ನೋಡೋಣ."

ಆ 'ನೋಡೋಣ' ಎಷ್ಟು ಉದ್ದ ಎಂಬುದು ಇಬ್ಬರಿಗೂ ಗೊತ್ತು. ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ಬಿದ್ದ ಎಲೆಗಳನ್ನು ಗೋರಿ ಬಕೆಟ್ಟಿಗೆ ತುಂಬುತ್ತಾರೆ. ಮಕ್ಕಳ ಸೈಕಲ್ಲುಗಳು ಗಂಟೆ ಬಾರಿಸುತ್ತಾ ಮೂಲೆ ದಾಟುತ್ತವೆ. ಈಚೆಯವರಿಗೆ ಆಚೆಯವರು ಕಾಣುತ್ತಿದ್ದಾರೆ.

ನಿಮ್ಮ ಆಸೆ ಏನು ಎಂದರೆ ಬೇಲಿಯ ಆಚೆ ತುದಿಯತ್ತ ಕತ್ತರಿ ಚಾಚುತ್ತಾರೆ. "ಹೂ ಬಿಡದಿದ್ರೆ ಹೋಗಲಿ. ಅಕ್ಕ ಒಂದು ದಿನ ಬಂದು ಆ ತುದಿಯಿಂದ ಸವರಲಿ, ನಾನು ಈ ತುದಿಯಿಂದ ಸವರ್ತೀನಿ. ಮೊದಲು ಪಾರ್ಕಲ್ಲಿ ಹಾಗೇ ಮಾಡ್ತಿದ್ವಿ. ನಡುವೆ ಇಬ್ಬರ ಕತ್ತರಿ ತಗುಲಿ ಠಣ್ ಅಂದ್ರೆ, ಆವತ್ತಿನ ಕೆಲಸ ಮುಗೀತು ಅಂತ ಲೆಕ್ಕ."