ಹಿಂದಿನ ಸೀಟು ಖಾಲಿ ಇಟ್ಟವರು

ಬಟ್ಟೆ ಅಂಗಡಿ ಮಾವನವರ ಬಲಗೈ ಮೊಣಕೈತನಕ ಬಿಸಿಲಿಗೆ ಕರ್ರಗಾಗಿತ್ತು, ಎಡಗೈ ಗೋದಿಬಣ್ಣವಾಗಿಯೇ ಉಳಿದಿತ್ತು. ಕಾರಿನ ಕಿಟಕಿಯ ಮೇಲೆ ಬಲಗೈ ಊರಿಕೊಂಡು ಕಮಲಾಪುರದಿಂದ ಕಲಬುರಗಿಗೆ ವರ್ಷಗಟ್ಟಲೆ ಓಡಾಡಿದ್ದರ ಗುರುತು ಅದು. ರಕ್ತಸಂಬಂಧ ಏನೂ ಇಲ್ಲ. ಪಕ್ಕದ ಮನೆಯವರು, ನಾವು ಮಾವ ಎನ್ನುತ್ತಿದ್ದೆವು.

ನಮ್ಮ ಓಣಿಯಲ್ಲಿ ಇದ್ದುದು ಅವರದೊಂದೇ ಕಾರು. ಯಾರ ಮನೆಯಲ್ಲಿ ಹೆರಿಗೆ ನೋವು ಶುರುವಾದರೂ ಅವರ ಬಾಗಿಲು ಬಡಿಯುವುದು ರೂಢಿ. ಅಳೆಯುತ್ತಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು ಎದ್ದು ಬರುತ್ತಿದ್ದರು. ಬಾಡಿಗೆಯ ಮಾತೆತ್ತಿದವರಿಗೆ ಬೈಗುಳ ಗ್ಯಾರಂಟಿ. ಬಸುರಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಪ್ರತಿ ತಗ್ಗಿಗೂ ಮುಂಚೆ "ತಗ್ಗು ಬಂತವ್ವಾ, ಗಟ್ಟಿ ಹಿಡ್ಕೊ" ಎಂದು ಕೂಗಿ ಎಚ್ಚರಿಸುತ್ತಿದ್ದರು. ನನ್ನ ಹೆಂಡತಿಯನ್ನೂ ಹಾಗೇ ಕರೆದೊಯ್ದರು. ತಗ್ಗಿಗಿಂತ ಅವರ ಕೂಗೇ ಹೆಚ್ಚು ಹೆದರಿಸಿತು ಎಂದು ಅವಳು ಇವತ್ತಿಗೂ ನಗುತ್ತಾಳೆ.

ಒಂದು ದಿನ ಪೇಪರಿನಲ್ಲಿ ಆ ಕಾರಿನ ಕಂಪನಿಯವರ ಪ್ರಕಟಣೆ ಬಂತು. ಹಿಂದಿನಿಂದ ಬೇರೆ ವಾಹನ ಗುದ್ದಿದರೆ ಪೆಟ್ರೋಲ್ ಟ್ಯಾಂಕ್ ಒಡೆದು ಬೆಂಕಿ ಹತ್ತಬಹುದು, ಕಾರು ತನ್ನಿ, ಟ್ಯಾಂಕ್ ಪುಕ್ಕಟೆ ಬದಲಿಸುತ್ತೇವೆ ಎಂದಿತ್ತು. ಟ್ಯಾಂಕ್ ಇದ್ದದ್ದು ಹಿಂದಿನ ಸೀಟಿನ ಕೆಳಗೇ. ಮಾವ ಪೇಪರು ಮಡಚಿಟ್ಟು ಬೆರಳು ಎಣಿಸತೊಡಗಿದರು. ಅಷ್ಟು ವರ್ಷ ಯಾರ್ಯಾರನ್ನು ಅದರ ಮೇಲೆ ಮಲಗಿಸಿದ್ದರೋ, ಅವರನ್ನೆಲ್ಲ ನೆನೆಸಿಕೊಳ್ಳುತ್ತಿದ್ದರು.

ಕಲಬುರಗಿಯ ಸೇಡಂ ರಸ್ತೆಯಲ್ಲಿದ್ದ ಶೋರೂಮಿಗೆ ನಾನೇ ಜೊತೆಗೆ ಹೋದೆ. ಚಹಾ ಕೊಟ್ಟರು, ಹೆಸರು ಬರೆದುಕೊಂಡರು, ಹೊಸ ಟ್ಯಾಂಕ್ ಇನ್ನೂ ಬಂದಿಲ್ಲ ಅಂದರು. ಮುಂದಿನ ತಿಂಗಳೂ ಅದೇ ಚಹಾ, ಅದೇ ಮಾತು. ಅಲ್ಲಿಯತನಕ ಏನು ಮಾಡುವುದು ಎಂದು ಮಾವ ಕೇಳಿದರೆ ಕೌಂಟರಿನಲ್ಲಿದ್ದವನು, ಹಿಂದಿನಿಂದ ಯಾರೂ ಗುದ್ದದ ಹಾಗೆ ನೋಡಿಕೊಳ್ಳಿ ಎಂದು ವಿನಯದಿಂದಲೇ ಹೇಳಿದ.

"ನನ್ನ ಹಿಂದ ಬರೋ ಲಾರಿಯವಂಗ ನಾ ಹ್ಯಾಂಗ ಹೇಳ್ಲಿ, ತಮ್ಮಾ?"

ಅವನು ಇನ್ನೊಂದು ಚಹಾ ತರಿಸಿದ. ನಾನು ಸಿಟ್ಟಿನಿಂದ ಅದನ್ನು ಮುಟ್ಟದೆ ಎದ್ದೆ.

ಮರುವಾರ ಓಣಿಯಲ್ಲಿ ಮತ್ತೊಂದು ಹೆರಿಗೆ. ಲಾರಿಗಳು ದೂರ ಇರಲಿ ಎಂದು ಮಾವ ಅಂಗಡಿಯ ಕೆಂಪು ಬಟ್ಟೆಯನ್ನು ಸ್ಕೂಟರಿಗೆ ಕಟ್ಟಿಸಿ, ತಮ್ಮ ತಮ್ಮನನ್ನು ಕಾರಿನ ಬೆನ್ನಿಗೇ ಬರಲು ಹೇಳಿದರು. ಓಣಿಯೆಲ್ಲ ನಕ್ಕಿತು. ಹಾಗಾದರೆ ಮೊದಲು ಸಾಯುವವನು ಅವನೇ ಅಲ್ಲವೇ ಎಂದು ನಾನು ಕೇಳಿದಾಗ ಅವರ ಮುಖ ಇಳಿದುಹೋಯಿತು, ಬಸುರಿಯನ್ನು ಬಾಡಿಗೆ ಜೀಪಿನಲ್ಲಿ ಕಳಿಸಿದರು. ಅಂದಿನಿಂದ ಹಿಂದಿನ ಸೀಟಿನಲ್ಲಿ ಯಾರನ್ನೂ ಕೂಡಿಸಲಿಲ್ಲ. ಬಾಗಿಲು ಬಡಿದವರಿಗೆ ಸಂತೆ ಮೈದಾನದ ಕಡೆಯಿಂದ ಅದೇ ಜೀಪು ಕರೆಸಿಕೊಡುತ್ತಿದ್ದರು. ಅಂಗಳದಲ್ಲಿ ಕಾರು ಇಟ್ಟುಕೊಂಡು ಇಲ್ಲ ಅನ್ನುತ್ತಾರೆ, ಕೊಬ್ಬು ಬಂದಿದೆ ಎಂದು ಕೆಲವರು ಆಡಿಕೊಂಡರು.

ಟ್ಯಾಂಕಿಗೆ ಕಾಯುತ್ತಿರುವಾಗಲೇ ಒಂದು ಮಧ್ಯಾಹ್ನ ಅವರಿಗೆ ಅಂಗಡಿಯಲ್ಲಿ ಎದೆ ಹಿಡಿಯಿತು. ಕೂಡಲಾರದೆ ನೆಲದ ಮೇಲೆ ಮಲಗಿಬಿಟ್ಟರು. ಕಾರು ಎದುರಿಗೇ ನಿಂತಿತ್ತು. ನಾನು ಕೀಲಿ ತೆಗೆದುಕೊಂಡೆ. ಅವರು ನನ್ನ ಮುಂಗೈ ಹಿಡಿದರು.

"ನನ್ನ ತಲಿ ಹಿಡೀಲಾಕ ನಿಮ್ಮ ಅತ್ತಿ ಹಿಂದ ಕೂಡ್ಬೇಕಾಗ್ತದ. ಬ್ಯಾಡ. ಜೀಪ್ ಬರ್ಲಿ."

ಅತ್ತೆ ಅತ್ತರು, ನಾನು ಬೈದೆ. ಅವರು ಕೈ ಬಿಡಲಿಲ್ಲ. ಅವತ್ತು ಸಂತೆಯ ದಿನ, ಜೀಪು ಜನ ತುಂಬಿಕೊಂಡು ಹೋಗಿತ್ತು. ತಿರುಗಿ ಬರುವ ಹೊತ್ತಿಗೆ ಅವರ ಮಾತು ನಿಂತಿತ್ತು.

ಜೀಪಿನ ಹಿಂದಿನ ಬೆಂಚಿನ ಮೇಲೆ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಕಲಬುರಗಿ ಮುಟ್ಟುವ ಮೊದಲೇ ಉಸಿರು ಹೋಯಿತು. ದಾರಿಯುದ್ದಕ್ಕೂ ನಾನು ಹಿಂದೆಯೇ ನೋಡುತ್ತಿದ್ದೆ. ನಮ್ಮ ಹಿಂದೆ ಒಂದು ಸೈಕಲ್ಲೂ ಬರಲಿಲ್ಲ.