ಬೀಗ ಹಾಕಿದ ಮಣ್ಣು

ಮಣ್ಣು ಮೇಷ್ಟ್ರು ಅಂತಲೇ ಎಲ್ಲರೂ ಅವರನ್ನು ಕರೆಯುತ್ತಿದ್ದರು. ಹಿಂದಿನ ಕಾಲದವರ ಪಾತ್ರೆ ಪಡಗ ಅಗೆದು ತೆಗೆಯುವ ಕೆಲಸದಲ್ಲೇ ಮಂಡಿ ಸವೆಸಿಕೊಂಡವರು. ಆಮೇಲೆ ಅದನ್ನು ಮಕ್ಕಳಿಗೆ ಕಲಿಸೋದು ಹೇಗೆ ಅಂತ ಶಾಲೆಯ ಟೀಚರುಗಳಿಗೆ ತರಬೇತಿ ಕೊಡಲು ಹೊರಟರು.

ಅವರ ಪಾಠವೆಲ್ಲ ಒಂದು ಮರದ ಪೆಟ್ಟಿಗೆಯಲ್ಲಿ. ತಳದಲ್ಲಿ ಕಪ್ಪು ಮಣ್ಣು, ಅದರ ಮೇಲೆ ಬೂದಿ, ಅದರ ಮೇಲೆ ಮರಳು. ಪದರಕ್ಕೊಂದಿಷ್ಟು ಒಡೆದ ಮಡಕೆಯ ಚೂರು. ಮಕ್ಕಳೇ ಬ್ರಷ್ಷಿನಲ್ಲಿ ಮೆಲ್ಲಗೆ ಸರಿಸುತ್ತಾ ಹೋಗಬೇಕು, ಅಡಿಯಲ್ಲಿ ಸಿಕ್ಕಿದ್ದು ಹಳೆಯದು ಅಂತ ತಾವೇ ಕಂಡುಕೊಳ್ಳಬೇಕು. ತರಬೇತಿ ಮುಗಿದ ಮೇಲೆ ಒಂದೊಂದು ಶಾಲೆಗೂ ತಾವೇ ಹೋಗಿ ಪೆಟ್ಟಿಗೆ ತುಂಬಿಕೊಟ್ಟು ಬರುತ್ತಿದ್ದರು. ಅದಕ್ಕೆಂದೇ ಮನೆಯಲ್ಲಿ ಏನು ಒಡೆದರೂ ಹೆಂಡತಿ ಬಾಗಿಲ ಹಿಂದೆ ಎತ್ತಿಡುತ್ತಿದ್ದಳು. ಪಾತ್ರೆ ಒಡೆದರೆ ಹಿಗ್ಗುವ ಗಂಡ ನನಗೊಬ್ಬಳಿಗೇ ಸಿಕ್ಕಿದ್ದು ಅಂತ ಪಕ್ಕದ ಮನೆಯವಳ ಹತ್ತಿರ ನಗುತ್ತಿದ್ದಳು.

ಆ ವರ್ಷ ಇಲಾಖೆಯ ಮೇಲಿನವರು ತರಬೇತಿ ನಿಲ್ಲಿಸುವ ಮಾತೆತ್ತಿದರು. ಮಕ್ಕಳು ಕೈಯಿಟ್ಟು ಅಗೆಯುವ ಒಂದೇ ಒಂದು ಶಾಲೆ ತೋರಿಸಿ, ಮುಂದುವರಿಸೋಣ ಅಂದರು. ಮೇಷ್ಟ್ರು ಪೆಟ್ಟಿಗೆ ಕೊಟ್ಟಿದ್ದ ಶಾಲೆಗಳನ್ನೆಲ್ಲ ಸುತ್ತಿದರು. ಒಂದು ಕಡೆ ಪೆಟ್ಟಿಗೆಯನ್ನು ಬಾಗಿಲಿಗೆ ಅಡ್ಡ ಇಟ್ಟಿದ್ದರು. ಇನ್ನೊಂದು ಕಡೆ ಅದರಲ್ಲಿ ಬೆಕ್ಕು ಮರಿ ಹಾಕಿತ್ತು. ಕೊನೆಗೆ ಉಳಿದವಳು ಒಬ್ಬ ಟೀಚರಮ್ಮ. ತರಬೇತಿಯಲ್ಲಿ ಊಟಕ್ಕೆ ಕರೆದರೂ ಏಳದೆ ಮಣ್ಣಲ್ಲೇ ಕೂತಿದ್ದವಳು. ಅವಳನ್ನೇ ನೆಚ್ಚಿಕೊಂಡು ಹೋದರು.

ಟೀಚರಮ್ಮನಿಗೆ ಸಂತೋಷವೋ ಸಂತೋಷ. ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿದಳು. ಪದರ ಅಂದರೇನು, ಬ್ರಷ್ಷು ಹೇಗೆ ಹಿಡಿಯಬೇಕು, ಯಾವುದು ಹಳೆಯದು, ಎಲ್ಲವನ್ನೂ ಮಕ್ಕಳು ಗಂಟಲು ಹರಿಯುವ ಹಾಗೆ ಒಂದೇ ರಾಗದಲ್ಲಿ ಒಪ್ಪಿಸಿದರು. ಒಂದಕ್ಷರ ತಪ್ಪಲಿಲ್ಲ.

ಪೆಟ್ಟಿಗೆ ಎಲ್ಲಿ ಅಂತ ಮೇಷ್ಟ್ರು ಕೇಳಿದರು. ಅವಳು ಬೀರುವಿನ ಬೀಗ ತೆಗೆದಳು. ಮೇಲೆ ಒಗೆದ ಬಟ್ಟೆ ಹೊದಿಸಿತ್ತು. ಸರಿಸಿದರೆ, ತುಂಬಿಕೊಟ್ಟ ದಿನ ಒದ್ದೆ ಮರಳನ್ನು ಒತ್ತಿ ಸಮ ಮಾಡಿದ್ದ ತಮ್ಮದೇ ಅಂಗೈ ಗುರುತು ಹಾಗೇ ಇತ್ತು.

"ಮಕ್ಕಳ ಕೈಗೆ ಕೊಡಲೇ ಇಲ್ವೇನಮ್ಮ?"

"ಕೊಟ್ರೆ ಒಡೆದುಹಾಕ್ತಾರೆ ಸರ್. ಎಷ್ಟು ಜೋಪಾನ ಮಾಡಿದೀನಿ ನೋಡಿ."

"ಅವು ಒಡೆದವೇ ಅಲ್ವೇನಮ್ಮ."

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ಅವಳು ನಕ್ಕಳು. ಪರೀಕ್ಷೆಯಲ್ಲಿ ಇದರ ಮೇಲೆ ಪ್ರಶ್ನೆ ಬಂದರೆ ನಮ್ಮ ಮಕ್ಕಳದು ಒಂದು ಮಾರ್ಕೂ ಹೋಗೋದಿಲ್ಲ ಅಂದಳು. ಬೈಯೋಣವೆಂದರೆ ಆ ಮುಖದಲ್ಲಿ ಕಪಟವೇ ಇರಲಿಲ್ಲ. ಮೇಷ್ಟ್ರು ಬಟ್ಟೆಯನ್ನು ತಾವೇ ಎಳೆದು ಮುಚ್ಚಿದರು.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಹೆಂಡತಿ ಒಳಗಿನಿಂದ ಕೂಗಿದಳು. "ಬೆಳಿಗ್ಗೆ ನೀರಿನ ಹೂಜಿ ಬಿತ್ತು ಕಣ್ರೀ. ಒಂದು ಚೂರೂ ಬಿಡದೆ ಆರಿಸಿಟ್ಟಿದೀನಿ."

"ಕಸಕ್ಕೆ ಹಾಕು."

ಅವಳು ಬಂದು ಅವರ ಮುಖ ನೋಡಿದಳು. ಆಮೇಲೆ ಬಾಗಿಲ ಹಿಂದಿನ ಚೂರು ಗುಡಿಸಲು ಪೊರಕೆ ತರಹೋದಳು.