ಪುಕ್ಕಟೆ ಬಸ್ಸು ಮತ್ತು ನನ್ನ ಸೋಫಾ ಗಾಡಿ

ನನ್ನ ಸಂಸಾರಕ್ಕೆ ಸರ್ಕಾರಿ ಬಸ್ಸು ಅಡ್ಡ ಬಂತು. ಹೀಗೆ ಹೇಳಿದರೆ ಜನ ನಗುತ್ತಾರೆ, ನಗಲಿ. ನಮ್ಮ ತೆಲಂಗಾಣದಲ್ಲಿ ಹೆಂಗಸರು ಆಧಾರ್ ಕಾರ್ಡು ತೋರಿಸಿದರೆ ಸಾಕು, ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟು ಹರಿದು ಕೈಗೆ ಕೊಡುತ್ತಾರೆ. ಆ ಟಿಕೆಟು ಹಿಡಿದು ನನ್ನ ಹೆಂಡತಿ ಕಿಟಕಿ ಪಕ್ಕ ಕೂತಳೆಂದರೆ ಅವಳೇ ರಾಣಿ. ನಾರಾಯಣಖೇಡದ ನಮ್ಮ ಮನೆಯಿಂದ ತಾಂಡೂರಿನಾಚೆ ಯಾಲಾಲ್ ಹತ್ತಿರದ ಅವಳ ತವರಿಗೆ ಹೋಗುವಾಗೆಲ್ಲ ಇದೇ ಕತೆ. ಅವಳು ಬಸ್ಸಿನೊಳಗೆ. ಅದರ ಹಿಂದೆ ಹೊಗೆ ಕುಡಿಯುತ್ತಾ, ಹಟ ಹಿಡಿದು ಕೊಂಡ ದೊಡ್ಡ ಮೋಟಾರ್ ಸೈಕಲ್ಲಿನ ಮೇಲೆ ಒಬ್ಬನೇ ಬರುತ್ತಿದ್ದ ಪ್ರಾಣಿ ನಾನು.

ನಾನು ಸಿರ್ಗಾಪುರದ ಕಡೆ ಹಳ್ಳಿಹಳ್ಳಿ ತಿರುಗಿ ಕುರಿಗಳಿಗೆ ಸೂಜಿ ಹಾಕುವ ನೌಕರ. ಮಂದಿ ಕುರಿ ಡಾಕ್ಟರು ಅನ್ನುತ್ತಾರೆ, ನಾನೂ ಬೇಡವೆನ್ನಲು ಹೋಗುವುದಿಲ್ಲ. ಕೆಲಸಕ್ಕೆ ಹಳೆಯ ಚಿಕ್ಕ ಗಾಡಿ ಇದೆ. ದೊಡ್ಡದು ಬರೀ ಖುಷಿಗೆ. ಉದ್ದಕ್ಕೆ, ತಗ್ಗಿಗೆ, ಕೆಸರಲ್ಲಿ ಮಲಗಿದ ಎಮ್ಮೆಯ ಹಾಗೆ ಕಾಣುವ ಕ್ರೂಸರ್ ಜಾತಿಯದು. ನಮ್ಮ ಕಡೆ ಕ್ರೂಸರ್ ಅಂದರೆ ಮದುವೆ ಮಂದಿಯನ್ನು ತುರುಕಿಕೊಂಡು ಓಡುವ ಜೀಪು. ಹಾಗಾಗಿ ನಾನು ಕ್ರೂಸರ್ ತಂದೆನೆಂದು ಕೇಳಿ ನೆರೆಮನೆಯವರು ಲಗ್ನಕ್ಕೆ ಬಾಡಿಗೆಗೆ ಬರುತ್ತದೇನು ಅಂತ ವಿಚಾರಿಸಿಕೊಂಡು ಹೋದರು. ನನಗೆ ಮೈಯೆಲ್ಲ ಉರಿದುಹೋಯಿತು.

ಹೆಂಡತಿ ಅದರ ಮೇಲೆ ಕೂತದ್ದು ಒಂದೇ ಸಲ. ಜಹೀರಾಬಾದ್ ಮುಟ್ಟುವ ಹೊತ್ತಿಗೆ ಅವಳ ಮುಖ ನೋಡುವ ಹಾಗಿರಲಿಲ್ಲ. ಸೊಂಟ ಹಿಡಿದುಕೊಂಡು ಕೆಳಗಿಳಿದು, "ಇನ್ನ ಈ ಗಾಡಿ ಮ್ಯಾಲ ನಾ ಕೂಡಂಗಿಲ್ಲ. ಹಿಂದ ಜಾರ್ತದ, ಕೆಳಗ ಕುಟ್ಟತದ. ನಾ ಬಸ್ಸಿಗಿ ಬರ್ತೀನಿ, ನೀವು ಮುಂದ ನಡೀರಿ," ಅಂದಳು.

ನನಗೆ ಸಿಟ್ಟು ಬಂತು. "ಕುಣೀಲಾರದಾಕಿ ಅಂಗಳ ಡೊಂಕ ಅಂದಳಂತ," ಅಂದೆ.

"ಅಂಗಳ ಖರೇನೇ ಡೊಂಕ ಅದ. ನೀವೇ ಒಮ್ಮೆ ಹಿಂದ ಕೂತು ನೋಡ್ರಿ," ಅಂದಳು, ಮತ್ತೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.

ಹಿಂದೆ ಕೂರಲು ನನಗೇನು ಹುಚ್ಚೇ? ಆದರೂ ಮನೆಗೆ ಬಂದ ಮೇಲೆ ಯಾರೂ ಇಲ್ಲದ್ದು ನೋಡಿ ಕೂತೆ. ಅಂಗಳ ಡೊಂಕಾಗಿಯೇ ಇತ್ತು.

ಅಂದಿನಿಂದ ನಾವಿಬ್ಬರೂ ಒಂದೇ ಊರಿಗೆ ಬೇರೆ ಬೇರೆ ಹೋಗತೊಡಗಿದೆವು. ಅವಳು ಬಸ್ಸಿನಿಂದ ಇಳಿಯುವಾಗ ಬಾಯಿ ತುಂಬ ಸುದ್ದಿ ಇರುತ್ತಿತ್ತು. ಯಾರ ಸೊಸೆ ಬಸುರಿ, ಯಾರ ತೊಗರಿಗೆ ಹುಳ ಬಿದ್ದಿದೆ, ಎಲ್ಲ ಬಸ್ಸಿನ ಪಕ್ಕದ ಸೀಟಿನವರು ಹೇಳಿರುತ್ತಿದ್ದರು. ನನ್ನ ಬಾಯೊಳಗೆ ಧೂಳು. ಅತ್ತೆ ಒಂದು ಸಲ ನನ್ನನ್ನು ಪಕ್ಕಕ್ಕೆ ಕರೆದು, "ಜಗಳ ಗಿಗಳ ಆಗ್ಯಾದೇನ್ರಿ ಅಳಿಯಂದ್ರ? ಆಕಿ ಒಂದ್ ದಾರಿಲೆ, ನೀವು ಒಂದ್ ದಾರಿಲೆ ಬರ್ತೀರಿ," ಎಂದು ಕೇಳಿದರು. ಇಲ್ಲ ಅತ್ತೀ ಅಂದೆ, ಅವರು ನಂಬಲಿಲ್ಲ. ಜಗಳವಾಗಿದ್ದರೆ ಎಷ್ಟೋ ಮೇಲಿತ್ತು, ರಾಜಿಯಾದರೂ ಆಗುತ್ತದೆ. ಬಸ್ಸಿನ ಜೊತೆ ಯಾರು ರಾಜಿ ಮಾಡಿಸುತ್ತಾರೆ? ನನಗೆ ಅವಳು ನನ್ನ ಜೊತೆ ಬರುವುದು ಬೇಕಿತ್ತು. ನಾನು ಕರೆದು ಬರುವುದಲ್ಲ, ಬಸ್ಸು ಬಿಟ್ಟು ತಾನಾಗಿ ಬರಬೇಕಿತ್ತು. ಆ ಆಸೆ ತಲೆಗೆ ಹೊಕ್ಕಿತು.

ಜಹೀರಾಬಾದಿನಲ್ಲಿ ಮುಂಬೈ ಹೆದ್ದಾರಿಯ ಬದಿಗೆ ಒಬ್ಬ ಉಸ್ತಾದ್ ಇದ್ದಾನೆ. ದೊಡ್ಡ ಗಾಡಿಗಳಿಗೆ ದೂರ ಪ್ರಯಾಣದ ಸಾಮಾನು ಕೂಡಿಸುವುದರಲ್ಲಿ ಪಳಗಿದ ಕೈ. ನನ್ನ ಕಷ್ಟ ಕೇಳಿದ ಮೇಲೆ ಗಾಡಿಯ ಸುತ್ತ ಒಂದು ಸುತ್ತು ಬಂದು, ಬೇನೆ ಬಿದ್ದ ಕುರಿಯನ್ನು ನಾನು ನೋಡುವ ಹಾಗೆ ಅದನ್ನು ನೋಡಿದ.

"ಫಿಕರ್ ಬ್ಯಾಡ್ರಿ ಸಾಬ್," ಅಂದ. "ಸೋಫಾ ಮಾಡಿ ಕೊಡ್ತೀನಿ. ಭಾಭಿ ಒಮ್ಮೆ ಕೂತ್ರ ಇಳಿಯೋ ಮನಸೇ ಆಗಬಾರದು."

ಸೋಫಾ ಎಂಬ ಶಬ್ದ ಕೇಳಿದ್ದೇ ನಾನು ಕರಗಿಹೋದೆ. ಅಗಲವಾದ ಮೆತ್ತನೆಯ ಸೀಟು, ಹಿಂದೆ ಕೂತವರು ಒರಗಲು ದಪ್ಪ ದಿಂಬಿನ ಬ್ಯಾಕ್‌ರೆಸ್ಟು, ಎದುರು ಗಾಳಿ ತಡೆಯಲು ದೊಡ್ಡ ಗಾಜು, ಎರಡೂ ಬದಿಗೆ ಚರ್ಮದ ಚೀಲಗಳು, ಕುಟ್ಟದ ಹಾಗೆ ಹಿಂದಿನ ಗಾಲಿಗೆ ಹೊಸ ಶಾಕ್ ಅಬ್ಸಾರ್ಬರು. ಚೀಲಕ್ಕೆ ಜಾಗ ಸಾಲದೆಂದು ಅವನು ಸೀರೆ ಗಾರ್ಡು ಬಿಚ್ಚಿ ಬದಿಗೆಸೆದ. ಬಿಚ್ಚುವಾಗ ಅವನಿಗೂ ಏನೂ ಅನ್ನಿಸಲಿಲ್ಲ, ನನಗೂ ಏನೂ ಅನ್ನಿಸಲಿಲ್ಲ. ಇಬ್ಬರು ಗಂಡಸರು ಕೂಡಿ ಹೆಂಗಸಿಗೆ ಸೋಫಾ ಮಾಡಿದರೆ ಹಾಗೆಯೇ ಆಗುತ್ತದೆ.

ಮನೆ ಮುಂದೆ ಗಾಡಿ ನಿಲ್ಲಿಸಿ ಹಾರ್ನ್ ಹೊಡೆದೆ. ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿದಳು. ಸೀಟನ್ನು ಒತ್ತಿ ನೋಡಿದಳು. ಮೆತ್ತಗಿದೆ ಎಂದು ಒಪ್ಪಿಕೊಂಡಳು. ಆಮೇಲೆ ಹುಟ್ಟಿದಾಗಿನಿಂದ ಎಲ್ಲ ಗಾಡಿಗಳ ಮೇಲೆ ಹೇಗೆ ಕೂತಿದ್ದಳೋ ಹಾಗೇ, ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ಅಡ್ಡಡ್ಡ ಕೂತಳು. ಬ್ಯಾಕ್‌ರೆಸ್ಟಿನ ಮೂಲೆ ಸೀದಾ ಅವಳ ಪಕ್ಕೆಗೆ ತಿವಿಯಿತು. ಬೆನ್ನ ಹಿಂದೆ ಬಟಾಬಯಲು. ಕಾಲಿಡಲು ಇದ್ದ ಸೀರೆ ಗಾರ್ಡು ಜಹೀರಾಬಾದಿನಲ್ಲಿ ಬಿದ್ದಿತ್ತು.

"ಬೆನ್ನು ಈ ಕಡಿ ಅದ, ದಿಂಬು ಆ ಕಡಿ ಅದ," ಎಂದಳು ಹೆಂಡತಿ, ಬಹಳ ಶಾಂತವಾಗಿ. "ಯಾರಿಗಿ ಮಾಡ್ಸೀರಿ ಇದು?"

ಇಷ್ಟು ವರ್ಷದಿಂದ ಅವಳು ಅಡ್ಡಡ್ಡ ಕೂರುವುದನ್ನು ಕಂಡಿದ್ದೇನೆ, ಕಂಡೂ ಕಂಡಿರಲಿಲ್ಲ. ಮುಂದೆ ಕೂತವನಿಗೆ ಹಿಂದೆ ಏನು ನಡೆದಿದೆ ಎಂಬುದು ಯಾವ ಕಾಲಕ್ಕೂ ಗೊತ್ತಿರುವುದಿಲ್ಲ. ಆ ದಿನ ನಾನು ಊಟ ಮಾಡದೆ ಮುಖ ಊದಿಸಿಕೊಂಡು ಗಾಡಿ ಒರೆಸುತ್ತಾ ಕೂತೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. ಅವಳಿಗೆ ಕನಿಕರ ಬಂತೋ, ಗಾಜು ಸವೆದೀತೆಂದು ಹೆದರಿಕೆ ಬಂತೋ ಕಾಣೆ, ಬಾಗಿಲಿಗೆ ಬಂದು ನಿಂತಳು.

"ಆತು, ಏಳ್ರಿ. ನಮ್ಮ ತಮ್ಮನ ಕೂಸಿನ ತೊಟ್ಟಿಲ ಕಾರ್ಯಕ್ಕ ಇದರ ಮ್ಯಾಲೇ ಬರ್ತೀನಿ. ಮಗಳ ಚೂಡಿದಾರ ಹಾಕ್ಕೊಂಡು ನಿಮ್ಮಂಗ ಆ ಕಡಿ ಈ ಕಡಿ ಕಾಲು ಹಾಕಿ ಕೂಡ್ತೀನಿ. ತಾಂಡೂರು ದಾಟಿದ ಮ್ಯಾಲ ಎಲ್ಲಾದ್ರೂ ನಿಲ್ಲಸ್ರಿ, ಸೀರಿ ಉಟ್ಕೋಬೇಕು. ಇದೊಂದ್ ಸಲ ನೋಡ್ತೀನಿ. ಸರಿ ಅನ್ಸಲಿಲ್ಲ ಅಂದ್ರ ಮುಂದ ಗಾಡಿ ಮಾತು ತೆಗೀಬಾರದು."

ಸಾಕಿತ್ತು ನನಗೆ. ಆಗ ಅನ್ನ ಕೇಳಿ ಉಂಡೆ.

ಹೊರಟ ದಿನ ಅವಳ ಕಾರ್ಡು, ಫೋನು, ಪರ್ಸು ಎಲ್ಲ ಬದಿಯ ಚರ್ಮದ ಚೀಲದಲ್ಲಿ. ಕೂಸಿಗೆ ಕುಂಚಿಗೆ, ಹಿತ್ತಾಳೆ ಬಟ್ಟಲು, ಉಂಡೆಯ ಡಬ್ಬಿ, ಅವಳ ರೇಷ್ಮೆ ಸೀರೆ ಇದ್ದ ದೊಡ್ಡ ಕೈಚೀಲ ನಮ್ಮಿಬ್ಬರ ನಡುವೆ. ಚೂಡಿದಾರ ತೊಟ್ಟು, ಹೆಲ್ಮೆಟ್ ಹಾಕಿ, ಬ್ಯಾಕ್‌ರೆಸ್ಟಿಗೆ ಒರಗಿ ಕೂತ ಹೆಂಡತಿಯನ್ನು ನೋಡಿದರೆ ಪೊಲೀಸ್ ಇಲಾಖೆಯ ದೊಡ್ಡ ಅಧಿಕಾರಿ ಕಂಡ ಹಾಗಾಯಿತು. ಅಗಸೆ ಬಾಗಿಲ ತನಕ ನಾನು ಎದೆ ಉಬ್ಬಿಸಿಕೊಂಡು ನಡೆಸಿದೆ.

ಊರು ದಾಟಿದ ಮೇಲೆ ಶುರುವಾಯಿತು ಹೊಸ ಪೀಡೆ. ಗಾಡಿ ಕುಟ್ಟುವುದಿಲ್ಲ, ಅವಳು ಜಾರುವುದಿಲ್ಲ, ಹಾಗಾಗಿ ನನ್ನನ್ನು ಹಿಡಿದುಕೊಳ್ಳುವುದೂ ಇಲ್ಲ. ಒಂದು ಬೆರಳೂ ತಗಲುತ್ತಿಲ್ಲ. ಎದುರಿನ ಗಾಜಿನಿಂದ ಗಾಳಿಯ ಸದ್ದು ಕೂಡ ಇಲ್ಲ. ಹಿಂದೆ ಮನುಷ್ಯರಿದ್ದಾರೋ ಇಲ್ಲವೋ ಒಂದೂ ತಿಳಿಯದು. ಹಂಪು ಬಂದರೆ ಎಲ್ಲಿ ಬಿದ್ದಳೋ ಎಂದು ಎದೆ ಧಸಕ್ಕೆನ್ನುತ್ತಿತ್ತು.

"ಇದ್ದೀಯೇನು?" ಎಂದು ಕೇಳಿದೆ.

"ಇದ್ದೀನಿ."

ಸ್ವಲ್ಪ ಮುಂದೆ ಹೋಗಿ ಮತ್ತೆ ಕೇಳಿದೆ. ಕಬ್ಬಿನ ಟ್ರ್ಯಾಕ್ಟರು ದಾಟಿದ ಮೇಲೆ ಮತ್ತೊಮ್ಮೆ. ಜಹೀರಾಬಾದಿನ ರೈಲ್ವೆ ಗೇಟಿನಲ್ಲಿ ಇನ್ನೊಮ್ಮೆ ಕೇಳಿದಾಗ ಅವಳ ತಾಳ್ಮೆ ತಪ್ಪಿತು.

"ನಾ ಏನ್ ಹಾರಿ ಹೋಗೋ ಕೋಳಿ ಏನ್ರಿ? ಈಗರೆ ಕಣ್ಣು ಹತ್ತಿತ್ತು. ಇನ್ನೊಮ್ಮೆ ಇದ್ದೀಯೇನು ಅಂದ್ರ ಇಳದು ಬಸ್ಸಿಗಿ ಹೋಗ್ತೀನಿ ನೋಡ್ರಿ."

ಬಸ್ಸು ಎಂದದ್ದೇ ನಾನು ಬಾಯಿ ಹೊಲಿದುಕೊಂಡೆ. ಏನೇ ಆಗಲಿ, ಕೇಳಬಾರದು.

ತಾಂಡೂರು ರಸ್ತೆಗೆ ತಿರುಗಿ ಒಂದು ಕಬ್ಬಿನ ಹಾಲಿನ ಬಂಡಿಯ ಎದುರು ನಿಂತೆವು. ಅವಳು ಇಳಿದು ಕುಡಿದಳು, ನಾನು ಗಾಡಿ ಮೇಲೆ ಕೂತೇ ಕುಡಿದೆ, ಲೋಟ ಕೊಟ್ಟೆ, ದುಡ್ಡು ಕೊಟ್ಟೆ. ಆಮೇಲೆ ನಡೆದದ್ದು ನನಗೆ ತಿಳಿದದ್ದು ತಡವಾಗಿ. ಅವಳು ಕೈಚೀಲವನ್ನು ಧಡಕ್ಕನೆ ಸೀಟಿಗೆ ಹಾಕಿ ಪಟ್ಟಿ ಬಿಗಿದಳು, ಹೆಲ್ಮೆಟ್ಟನ್ನು ಬ್ಯಾಕ್‌ರೆಸ್ಟಿನ ತಲೆಗೆ ತೊಡಿಸಿ, ಬೀಳಬಾರದೆಂದು ಅದರ ಗುಂಡಿಯನ್ನೂ ಹಾಕಿ, ಅಂಟಂಟಾದ ಕೈ ತೊಳೆಯಲು ಬಂಡಿಯ ಹಿಂದಕ್ಕೆ ಹೋದಳು. ನನಗೆ ಗಾಡಿ ತಗ್ಗಿದ್ದು ಗೊತ್ತಾಯಿತು. ಕನ್ನಡಿಯಲ್ಲಿ ಹೆಲ್ಮೆಟ್ ಕಂಡಿತು. ಕೇಳುವ ಹಾಗಂತೂ ಇರಲಿಲ್ಲ. ಗೇರ್ ಹಾಕಿ ಹೊರಟೆ.

ರಸ್ತೆ ಖಾಲಿ ಇತ್ತು. ಎರಡೂ ಕಡೆ ತೊಗರಿ ಹೂ ಬಿಟ್ಟಿತ್ತು. ಅವಳಿಗೆ ಕುಲುಕಾಟ ಆಗಬಾರದೆಂದು ನಿಧಾನ, ಬಹಳ ನಿಧಾನ ನಡೆಸಿದೆ. ಅಷ್ಟು ಸುಖವಾದ ಸವಾರಿ ನನ್ನ ಜನ್ಮದಲ್ಲಿ ಆಗಿರಲಿಲ್ಲ. ಮನಸ್ಸು ಸಡಿಲಾಯಿತು, ಜೊತೆಗೆ ಬಾಯಿಯೂ.

"ನೋಡು, ಈ ಸೋಫಾ ಗೀಫಾ ಎಲ್ಲಾ ಬರೀ ನೆಪ," ಅಂದೆ. "ನೀ ಬಸ್ಸಿನಾಗ ಹೋದ್ರ ನನಗ ಈ ರಸ್ತಾ ಮುಗಿಯಂಗೇ ಇಲ್ಲ. ಮನ್ಯಾಗ ನೀ ಕೆಲಸದಾಗ ಇರ್ತಿ, ನಾ ಕುರಿ ಹಿಂದ ಇರ್ತೀನಿ. ಬ್ಯಾರೆ ಕೆಲಸಿಲ್ಲದ ಇಬ್ಬರೂ ಒಂದ್ ಕಡಿ ಕೂಡೋದು ಈ ರಸ್ತಾದ ಮ್ಯಾಲೇ. ಅದೂ ಬಸ್ಸಿನ ಪಾಲಾತು ಅಂದ್ರ ನನಗ ಏನ್ ಉಳೀತು?"

ಹಿಂದಿನಿಂದ ಉತ್ತರ ಬರಲಿಲ್ಲ. ಕನ್ನಡಿ ನೋಡಿದೆ, ಹೆಲ್ಮೆಟ್ ಸ್ವಲ್ಪ ಬಾಗಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ. ಇದುವರೆಗೆ ಅವಳ ಎದುರು ಆಡದೇ ಉಳಿದ ಮಾತೆಲ್ಲ ಆಡಿದೆ. ಅವಳು ಬಾಣಂತನಕ್ಕೆಂದು ತವರಿಗೆ ಹೋದಾಗ ನಾನು ಮನೆಯಲ್ಲಿ ದೀಪ ಹಚ್ಚದೆ ಕೂರುತ್ತಿದ್ದದ್ದು ಹೇಳಿದೆ. ಅವಳು ಮಾಡುವ ಪುಂಡಿಪಲ್ಯ ಖಾರವಾದರೂ ಏಕೆ ಸುಮ್ಮನೆ ಉಣ್ಣುತ್ತೇನೆಂಬುದನ್ನೂ ಹೇಳಿದೆ. ಹೆಲ್ಮೆಟ್ ತಲೆಯಾಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಿತು.

ಅಷ್ಟರಲ್ಲಿ ಹಿಂದಿನಿಂದ ಬಸ್ಸೊಂದು ಎಡೆಬಿಡದೆ ಹಾರ್ನ್ ಹೊಡೆಯುತ್ತಾ ಬಂತು. ಈ ಬಸ್ಸಿನ ಮನೆ ಹಾಳಾಗ, ಇಲ್ಲೂ ಬಿಡಲಿಲ್ಲವಲ್ಲ ಎಂದು ಬೈದು ಬದಿಗೆ ಸರಿದೆ. ಅದು ನನ್ನ ಸಮಕ್ಕೆ ಬಂದು ನಿಧಾನವಾಯಿತು. ಕಿಟಕಿಯಿಂದ ಒಬ್ಬ ಹೆಂಗಸು ಅರ್ಧ ಹೊರಗೆ ಬಾಗಿ ಕೈ ಬೀಸುತ್ತಿದ್ದಳು. ಚೂಡಿದಾರ ಪರಿಚಯದ್ದು. ಮುಖವೂ ಪರಿಚಯದ್ದು. ನಾನು ಕತ್ತು ಹೊರಳಿಸಿ ಹಿಂದಿನ ಸೀಟು ನೋಡಿದೆ. ಸೀಟಿನ ಮೇಲೆ ಕೈಚೀಲ, ಅದರ ಹಿಂದೆ ಬ್ಯಾಕ್‌ರೆಸ್ಟು, ಬ್ಯಾಕ್‌ರೆಸ್ಟಿನ ತಲೆಗೆ ಹೆಲ್ಮೆಟ್ಟು.

ಮುಂದೆ ಹೋಗಿ ಬಸ್ಸು ನಿಂತಿತು. ಅದರ ಹಿಂದೆ ನಾನೂ ನಿಂತೆ. ಕಂಡಕ್ಟರು ನಡುವಯಸ್ಸಿನ ಹೆಂಗಸು, ಬಾಗಿಲಿಗೆ ಬಂದು, "ಏನ್ರಿ ಅಣ್ಣಾ, ಮನಿಯಾಕಿನ್ನ ಬಿಟ್ಟು ಚೀಲ ಕರ್ಕೊಂಡು ಹೊಂಟೀರಿ?" ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಕೈ ತೊಳೆದು ಬಂದ ನನ್ನ ಹೆಂಡತಿ ಖಾಲಿ ರಸ್ತೆ ನೋಡಿ, ಬಂದ ಮೊದಲ ಬಸ್ಸು ಹತ್ತಿದ್ದಳು. ಕಂಡಕ್ಟರು ಕಾರ್ಡು ಎಲ್ಲವ್ವ ಎಂದರೆ ಮುಂದೆ ಹೋಗಿದೆ ಅಂದಿದ್ದಳು. ಕಾರ್ಡು ಹಿಡಿಯಲು ಇಡೀ ಬಸ್ಸು ನನ್ನ ಬೆನ್ನು ಹತ್ತಿತ್ತು.

"ಬಾಜೂ ಚೀಲದಾಗ ಕಾರ್ಡ್ ಅದ, ಕೊಡ್ರಿ," ಎಂದಳು ಹೆಂಡತಿ ಕಿಟಕಿಯಿಂದ ಕೈ ಚಾಚಿ. ಬೈಯಲೂ ಇಲ್ಲ.

ತೆಗೆದು ಕೊಟ್ಟೆ. ಕಂಡಕ್ಟರು ಕಾರ್ಡು ನೋಡಿ, ತಾಂಡೂರಿಗೆ ಸೊನ್ನೆ ಟಿಕೆಟು ಹರಿದು ಅವಳ ಕೈಗಿಟ್ಟರು. ಕಿಟಕಿ ಪಕ್ಕದ ಸೀಟು, ಜೊತೆಗೆ ಮಾತಿಗೆ ನಾಲ್ಕು ಹೆಂಗಸರು. ಒಬ್ಬಾಕೆ, "ಕೂಡವ್ವ ತಾಯಿ, ಅವರು ಹಿಂದಿನಿಂದ ಬರ್ತಾರ," ಅನ್ನುತ್ತಿದ್ದಳು. ನಾನು ತಲೆ ತಗ್ಗಿಸಿಕೊಂಡು ಹೆಲ್ಮೆಟ್ಟಿನ ಗುಂಡಿ ಬಿಚ್ಚತೊಡಗಿದೆ. ಸೋಫಾ ಸೋತಿತು, ಬಸ್ಸು ಗೆದ್ದಿತು, ಮುಂದೆ ಈ ಗಾಡಿ ಮಾತು ತೆಗೆಯುವ ಹಾಗಿಲ್ಲ. ನಿಜ ಹೇಳುತ್ತೇನೆ, ಅಲ್ಲೇ ಕೂತು ಅತ್ತುಬಿಡಬೇಕೆನ್ನಿಸಿತು.

ಬಸ್ಸು ಹೊರಟಿತು. ತಲೆಯೆತ್ತಿ ನೋಡಿದರೆ ಹೆಂಡತಿ ರಸ್ತೆಯ ಮೇಲೆ ನಿಂತಿದ್ದಾಳೆ, ಕೈಯಲ್ಲಿ ಟಿಕೆಟು.

"ಕಿಟಕಿ ಸೀಟ್ ಸಿಕ್ಕಿತ್ತಲ್ಲ," ಅಂದೆ. "ಯಾಕ ಇಳದಿ?"

ಅವಳು ನನ್ನ ಕೈಯಿಂದ ಹೆಲ್ಮೆಟ್ ಕಸಿದುಕೊಂಡಳು. "ದೂರಿಂದ ನೋಡ್ಲತ್ತಿದ್ದೆ, ನೀವು ಒಬ್ಬರೇ ಕೈ ಮಾಡ್ಕೋತ ಮಾತಾಡ್ಲತ್ತಿದ್ರಿ. ಕೇಳಾಕ ಯಾರಾದ್ರೂ ಬೇಕಲ್ಲ," ಎಂದಳು, ನಾನು ಗಾಡಿ ಹತ್ತಿದ ಮೇಲೆ ಕೈಚೀಲ ಹಿಂದಕ್ಕೆ ಸರಿಸಿ ನನಗೆ ಒತ್ತಿ ಕೂತಳು. "ಹೇಳ್ರಿ ಈಗ. ಏನ್ ಹೇಳ್ಲತ್ತಿದ್ರಿ?"

ಮನುಷ್ಯರಿಗೆ ಹೇಳುವುದು ಹೆಲ್ಮೆಟ್ಟಿಗೆ ಹೇಳಿದಷ್ಟು ಸುಲಭವಲ್ಲ. ಗಾಡಿ ಚಾಲೂ ಮಾಡಿ, ಗೇರ್ ಹಾಕಿ, ಪುಂಡಿಪಲ್ಯದಿಂದ ಶುರು ಮಾಡಿದೆ.